ರತಿಯ ಎಡಗೈ

ಫೆಬ್ರವರಿ 9, ರವಿವಾರ

ಓಣಿಯ ಸಭೆ ಇವತ್ತು ನನ್ನನ್ನು ಅವಿರೋಧವಾಗಿ ಹೆಂಗಸನ್ನಾಗಿ ಆರಿಸಿತು.

ಹೋಳಿ ಹುಣ್ಣಿಮೆಗೆ ಪಾಳಾ ಊರಿನ ನಮ್ಮ ಓಣಿಯಲ್ಲಿ ಮಣ್ಣಿನ ಗೊಂಬೆಗಳ ಬದಲು ಜೀವಂತ ರತಿ-ಕಾಮರನ್ನು ಕೂರಿಸುವುದು ಅಜ್ಜಂದಿರ ಕಾಲದ ರೂಢಿ. ಇಬ್ಬರೂ ಗಂಡಸರೇ. ಚಪ್ಪರದ ಕೆಳಗೆ ಸಿಂಗರಿಸಿಕೊಂಡು ಕೂರಬೇಕು; ಮಾತಾಡಬಾರದು, ನಗಬಾರದು. ಊರವರು ಒಬ್ಬೊಬ್ಬರಾಗಿ ಬಂದು ನಗಿಸಲು ನೋಡುತ್ತಾರೆ. ನಗಿಸಿದವರಿಗೆ ಚಪ್ಪರಕ್ಕೆ ಕಟ್ಟಿದ ಹಿತ್ತಾಳೆಯ ಕೊಡ. ನಾನು ರತಿಯಾದಾಗಿನಿಂದ ಆ ಕೊಡ ಇಳಿದಿಲ್ಲ. ವರ್ಷಕ್ಕೊಮ್ಮೆ ಹುಣಿಸೆಹಣ್ಣು ಹಚ್ಚಿ ತಿಕ್ಕುತ್ತಾರೆ, ಮತ್ತೆ ಕಟ್ಟುತ್ತಾರೆ. ಪಿಯು ಮಕ್ಕಳಿಗೆ ತರ್ಕಶಾಸ್ತ್ರ ಕಲಿಸುವವನಿಗೆ ನಗದೆ ಕೂರುವುದೇನು ಹೊಸದೇ? ಅದಕ್ಕೇ ಸರಕಾರ ಸಂಬಳ ಕೊಡುವುದು.

ಇದನ್ನೆಲ್ಲ ನನಗೆ ನಾನೇ ಯಾಕೆ ವಿವರಿಸಿಕೊಳ್ಳುತ್ತಿದ್ದೇನೆ? ಮೇಷ್ಟರ ಚಟ. ಕೇಳುವವರಿಲ್ಲದಿದ್ದರೂ ಪೀಠಿಕೆ ಬೇಕು.

ಹೋದ ವರ್ಷ ನಾನು ಕೂರಲಿಲ್ಲ. ರತಿಯ ಜಾಗದಲ್ಲಿ ಮಣ್ಣಿನ ಗೊಂಬೆ ಇಟ್ಟಿದ್ದರು. ಸಿದ್ದಿ ಜನರ ಓಣಿಯ ರೋಹಿದಾಸ ಅದರ ಮುಂದೆಯೂ ತಾಸುಗಟ್ಟಲೆ ಕುಣಿದನಂತೆ. ಗೊಂಬೆ ನಗಲಿಲ್ಲ, ಆದರೆ ಅವನ ಡಮಾಮಿ ಡೋಲಿನ ಬಡಿತಕ್ಕೆ ಒಂದು ಕಿವಿ ಉದುರಿತಂತೆ.

'ಕಂಕುಳಲ್ಲಿ ಗಂಟಿನ ಆಪರೇಶನ್' ಎಂದು ಊರಿಗೆ ಹೇಳಿದ್ದೆ. ಸುಳ್ಳಲ್ಲ, ಸತ್ಯದ ಅಂಚು. ಗಂಡಸರಿಗೂ ಸ್ತನದ ಕ್ಯಾನ್ಸರ್ ಬರುತ್ತದೆಂಬುದು ಹುಬ್ಬಳ್ಳಿಯ ಡಾಕ್ಟರು ಹೇಳುವವರೆಗೆ ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ರತಿಯಾಗಿ ಕೂತದ್ದರ ಫಲ ಇರಬೇಕು. ನನ್ನ ಅಭಿನಯವನ್ನು ರೋಗವೂ ನಂಬಿಬಿಟ್ಟಿತು. ಎಡಗಡೆಯದನ್ನು ತೆಗೆದರು, ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ. ಎದೆ ಅರ್ಧವಾಯಿತು. ಎದೆಗಾರಿಕೆ ಎಷ್ಟಾಯಿತೆಂದು ಅಳೆಯುವ ಯಂತ್ರ ಅವರ ಹತ್ತಿರ ಇರಲಿಲ್ಲ.

ಕೈಯೊಳಗಿನ ನೀರು ಇಳಿಯುವ ದಾರಿ ಆ ಗ್ರಂಥಿಗಳ ಮೂಲಕವಂತೆ. ದಾರಿ ಕಟ್ಟಾದ ಮೇಲೆ ನೀರು ಎಡಗೈಯಲ್ಲೇ ಬಿಡಾರ ಹೂಡಿದೆ. ಹೀಗಾಗಿ ಚುನಾವಣೆಗೆ ನಿಲ್ಲದೆಯೇ ನಾನು ಊರಿನ ದೊಡ್ಡ ಕೈ ಆಗಿದ್ದೇನೆ. ಹಗಲೆಲ್ಲ ಅದಕ್ಕೆ ಬಿಗಿಯಾದ ಸ್ಲೀವ್ ತೊಡಬೇಕು. ನನ್ನ ಹೆಂಡತಿ ದ್ರಾಕ್ಷಾಯಣಿ ಅದನ್ನು ಕೈಚೀಲ ಎನ್ನುತ್ತಾಳೆ. ಕೈಚೀಲದ ಮೇಲೆ ಪೂರ್ಣ ತೋಳಿನ ಅಂಗಿ. ಅರ್ಧ ತೋಳಿನವೆಲ್ಲ ಟ್ರಂಕಿನಲ್ಲಿವೆ. ಪಾತ್ರೆ ಮಾರುವವಳಿಗೆ ಕೊಟ್ಟು ಒಂದು ಬೋಗುಣಿಯಾದರೂ ತಗೋ ಎಂದು ಹೆಂಡತಿಗೆ ಎಷ್ಟೋ ಸಲ ಹೇಳಿದೆ. "ತಗೊಳ್ಳೂಣು ಬಿಡ್ರಿ" ಎನ್ನುತ್ತಾಳೆ, ತಗೊಳ್ಳುವುದಿಲ್ಲ.

ಸಭೆಯಲ್ಲಿ ತಲೆಯಾಡಿಸಿ ಬಂದಿದ್ದೇನೆ. ರತಿಯ ತೋಳು ಬಾಳೆದಿಂಡಿನಂತಿರಬೇಕು. ನನ್ನ ತೋಳು ತೋಳದಂತಿದೆ.

ಫೆಬ್ರವರಿ 12, ಬುಧವಾರ

ಕಟಿಂಗ್‌ಗೆ ಹೋಗಿದ್ದೆ. ಶೇಖಪ್ಪ ನನ್ನ ಜೊತೆ ಸ್ಲೇಟು ಹಿಡಿದವನು, ಊರಿನ ಕ್ಷೌರಿಕ, ಮೇಲಾಗಿ ನನ್ನ ಕಾಮಣ್ಣ. ಗಿರಾಕಿಗಳಿದ್ದಾಗ 'ಸರ', ಇಲ್ಲದಾಗ 'ಸಿದ್ಯಾ'. ನಮ್ಮ ಓಣಿಯಲ್ಲಿ ರತಿಯ ತೋಳು ಬೋಳಿಸಿ ಜಂಪರ್ ತೊಡಿಸುವ ಹಕ್ಕು ಕಾಮಣ್ಣನದೇ. ಅವನ ಕತ್ತಿಗೆ ಈ ಊರಿನ ಯಾವ ಕೆನ್ನೆಯೂ ಇದುವರೆಗೆ ಎದುರು ಮಾತಾಡಿಲ್ಲ.

"ಈ ಸಲ ಹೊಸಾ ಕತ್ತಿ ಮಸದಿಟ್ಟೇನಿ ಸಿದ್ಯಾ. ನೊಣ ಕುಂತ್ರ ಜಾರಬೇಕು, ಹಂಗ ಮಾಡ್ತೇನಿ ನಿನ್ನ ತೋಳು."

ಹೋದ ದಸರೆಗೆ ಎಡಗಂಕುಳಿಗೆ ನಾನೇ ಬ್ಲೇಡು ಹಾಕಿಕೊಂಡು ಒಂದು ಸಾಸಿವೆಯಷ್ಟು ಗಾಯವಾಗಿತ್ತು. ಮರುದಿನ ಕೈ ಕೆಂಪಾಗಿ ಕಾದು, ಚಳಿಜ್ವರ ಬಂದು, ಆಸ್ಪತ್ರೆಯಲ್ಲಿ ವಾರವಿಡೀ ಬಾಟಲಿಯ ಕೆಳಗೆ ಮಲಗಿದ್ದೆ. ಆ ಕೈಯ ಕಾವಲುಗಾರರನ್ನೇ ತೆಗೆದಿದ್ದೇವೆ, ಈಗ ಸಣ್ಣ ಕಳ್ಳನೂ ಸೀದಾ ಒಳಗೆ ನುಗ್ಗುತ್ತಾನೆ ಎಂದಿದ್ದರು ಡಾಕ್ಟರು.

ಶೇಖಪ್ಪನಿಗೆ ಇದನ್ನು ಹೇಳಿದರೆ ಎದೆಯದನ್ನೂ ಹೇಳಬೇಕಾಗುತ್ತದೆ. "ಜಾರಲಿ, ಜಾರಲಿ" ಎಂದು ನಾನೇ ಜಾರಿಕೊಂಡೆ.

ಫೆಬ್ರವರಿ 16, ರವಿವಾರ

ಕೂದಲೂ ಕೊಂಕದಂತೆ ಕೂದಲು ತೆಗೆಯುವುದು ಹೇಗೆ? ಆಸ್ಪತ್ರೆಯಲ್ಲಿ ನನ್ನ ಕೈಯ ಬಾವು ಇಳಿಸುವ ವ್ಯಾಯಾಮ ಕಲಿಸಿದ ವಿದ್ಯಾವತಿ ಮೇಡಂಗೆ ಫೋನು ಹಚ್ಚಿದೆ. ಧಾರವಾಡದವರು, ನೇರ ಮಾತು.

"ಬ್ಲೇಡ್ ಬ್ಯಾಡ. ವ್ಯಾಕ್ಸ್ ಬ್ಯಾಡ, ಅದು ಸುಡ್ತದ, ಚರ್ಮಾನೂ ಕಿತ್ತು ತರ್ತದ. ದಾರದ್ದು, ಚಿಮಟಾದ್ದು ಏನೂ ಬ್ಯಾಡ."

"ಹಂಗಾರ ಕೂದಲಿಗೆ ಕೈ ಮುಗದು ಬಿಟ್ಟುಬಿಡ್ರಿ ಅಂತೀರೇನು?"

"ಬಿಟ್ರ ಬಹಳ ಛಲೋ. ಎಲ್ಲಾಕ್ಕಿಂತ ಸೇಫ್ ಅದ. ಯಾರಿಗೆ ತೋರಸಬೇಕಾಗೇದ ಸರ ನಿಮ್ಮ ಕೈ?"

ರತಿಯ ವಿಷಯ ಹೇಳಿದೆ. ಆಚೆ ಕಡೆ ಮೇಡಂ ಫೋನಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರೆಂದು ಆಮೇಲೆ ತಿಳಿಯಿತು.

"ಹಂಗಿದ್ರ ಕರೆಂಟಿನ ಟ್ರಿಮ್ಮರ್ ತಗೋರಿ. ಚರ್ಮಕ್ಕ ಒತ್ತಬಾರದು, ಗಾಯ ಆಗಬಾರದು, ಮೊದಲ ಮಿಶನ್ ಸ್ವಚ್ಛ ಮಾಡ್ಕೋಬೇಕು, ಕೈ ತೊಳದು ಒರಸಿ ಮಾಡಬೇಕು, ಆಮ್ಯಾಲ ನಾ ಕೊಟ್ಟ ಕ್ರೀಮು. ಪೂರಾ ನುಣ್ಣಗ ಆಗೂದಿಲ್ಲ. ಒಂದೀಟು ಕೆಂಪು, ಒಂದೀಟು ಬಿಸಿ ಕಂಡ್ರ ನಾಳಿ ನೋಡೂಣು ಅನ್ನಬ್ಯಾಡ್ರಿ, ಅವತ್ತ ಬರ್ರಿ."

"ಕೂದಲು ತಗಿಯೂ ಕ್ರೀಮು?"

"ನಿಮ್ಮದು ಮೊದಲ ಸೂಕ್ಷ್ಮ ಚರ್ಮ. ಆ ಕೈಗಂತೂ ಮುಟ್ಟಸಬ್ಯಾಡ್ರಿ."

ಆ ಕೈಗೆ ಎಂದರು. ಈ ಕೈಯ ಬಗ್ಗೆ ಏನೂ ಹೇಳಲಿಲ್ಲ. ತರ್ಕದಲ್ಲಿ ಹೇಳದೆ ಬಿಟ್ಟದ್ದಕ್ಕೂ ಬೆಲೆಯಿದೆ.

ಫೆಬ್ರವರಿ 19, ಬುಧವಾರ

ಹೆಂಡತಿಯ ಕ್ರೀಮು ಬಲಗೈಗೆ ಹಚ್ಚಿಕೊಂಡು ನೋಡಿದೆ. ಕೊಳೆತ ಮೊಟ್ಟೆಯ ಮೇಲೆ ಗುಲಾಬಿ ಇಟ್ಟ ವಾಸನೆ. ಕೂದಲು ಹೋಯಿತು. ಬಾಳೆದಿಂಡು.

ಫೆಬ್ರವರಿ 20, ಗುರುವಾರ

ಬಾಳೆದಿಂಡಲ್ಲ, ಬೀಟ್‌ರೂಟು. ಬಲಗೈ ತುಂಬ ಗುಳ್ಳೆ, ತುರಿಕೆ. ಕಾಲೇಜಿನಲ್ಲಿ ಕೇಳಿದವರಿಗೆ ಗೇರೆಣ್ಣೆ ತಾಗಿ ಚರ್ಮ ಸುಟ್ಟಿತೆಂದೆ. ನಮ್ಮ ಸೀಮೆಯಲ್ಲಿ ಅದನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ.

"ಲಾಜಿಕ್ ಮಾಸ್ತರು" ಎಂದಳು ದ್ರಾಕ್ಷಾಯಣಿ, ಮೊಸರು ಸವರುತ್ತ. "ಇದ್ದ ಒಂದು ಛಲೋ ಕೈನೂ ಕೆಡಿಸ್ಕೊಂಡ್ರಿ. ಸುಮ್ನ ಪೂರಾ ತೋಳಿನ ಜಂಪರ್ ಹೊಲಸೂಣು ಬರ್ರಿ."

"ದರ್ಜಿಗೆ ಒಂದು ತೋಳು ದೊಡ್ಡದು, ಒಂದು ಸಣ್ಣದು ಅಂತ ಅಳತಿ ಕೊಟ್ರ ಸಂಜೀಕ ಊರಿಗೆಲ್ಲಾ ಹೊಲದು ಹಂಚ್ತಾನ."

"ಹಂಚಲಿ. ಏನಾಕ್ಕೇತಿ?"

ಏನಾಗುತ್ತದೆ ಎಂಬುದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿತ್ತು. ತುರಿಕೆಯಲ್ಲಿ ಮರೆತೆ.

ಫೆಬ್ರವರಿ 26, ಶಿವರಾತ್ರಿ

ಉಪವಾಸ. ಗುಡಿಯಲ್ಲಿ 'ಬೋಳೇಶಂಕರ' ಎಂದು ಕೈ ಮುಗಿಯುವಾಗ ಆ ಹೆಸರಿನ ಮೇಲೆ ಹಿಂದೆಂದೂ ಇಲ್ಲದ ಹೊಟ್ಟೆಕಿಚ್ಚಾಯಿತು.

ಮಾರ್ಚ್ 2, ರವಿವಾರ

ಮುಂಡಗೋಡದಲ್ಲಿ ಮುಂಡನದ ಮಿಶನ್ ಸಿಗದಿದ್ದರೆ ಊರಿನ ಹೆಸರಿಗೇ ಅವಮಾನ. ಟಿಬೆಟನ್ ಕ್ಯಾಂಪಿನ ಅಂಗಡಿಗೆ ಹೋದೆ. ಸಾವಿರಾರು ಬೋಳು ತಲೆಗಳನ್ನು ಹದವಾಗಿ ಇಟ್ಟವರಿಗೆ ಗೊತ್ತಿಲ್ಲದ ಮಿಶನ್ ಇರಲಾರದು.

ಗಲ್ಲೆಯ ಮುಂದೆ ಒಬ್ಬ ವಯಸ್ಸಾದ ಲಾಮಾ ಮಿಶನ್ನಿನ ಎಣ್ಣೆ ಕೊಳ್ಳುತ್ತಿದ್ದರು. ಇಲ್ಲೇ ಬೆಳೆದವರಿರಬೇಕು, ಮಾತು ನಮ್ಮದೇ.

"ತಲಿಗೋ, ಗಡ್ಡಕ್ಕೋ ಸರ?" ಎಂದರು, ನಾನು ಮಿಶನ್ ಕೇಳಿದ್ದು ಕಿವಿಗೆ ಬಿದ್ದು.

"ಕೈಗೆ."

ಅವರಿಗೆ ಅದು ವಿಚಿತ್ರವೆನಿಸಲಿಲ್ಲ. ಗಾಜಿನೊಳಗಿಂದ ಒಂದನ್ನು ತೆಗೆಸಿದರು. "ಇದು ತಗೋರಿ. ಮದಲ ಈ ಹಣಿಗಿ ಹಚ್ಚಿ ಓಡಸ್ರಿ, ಆಮ್ಯಾಲ ತಗದು ಹಗೂರಕ. ನಮ್ಮ ಗುರುಗಳಿಗೆ ಸಕ್ಕರಿ ಬ್ಯಾನಿ ಐತಿ. ಅವರ ತಲಿಗೆ ಗಾಯ ಆದ್ರ ಮಾಯೂದಿಲ್ಲ. ಇಷ್ಟು ವರ್ಷ ಇದರಲೆ ಮಾಡೇನಿ, ಒಂದು ಗೆರಿ ಬಿದ್ದಿಲ್ಲ. ಸರ ಏನ್ ಮಾಡ್ತೀರಿ?"

"ತರ್ಕಶಾಸ್ತ್ರ ಕಲಸ್ತೇನಿ."

ಅವರ ಮುಖ ಹಬ್ಬವಾಯಿತು. ಅವರ ಮಠದಲ್ಲಿ ಸನ್ಯಾಸಿಗಳು ಅಂಗಳದಲ್ಲಿ ನಿಂತು, ಪ್ರಶ್ನೆ ಹಾಕಿ, ಎದುರಿನವನ ಮುಖದ ಮುಂದೆ ಚಪ್ಪಾಳೆ ತಟ್ಟಿ ವಾದ ಮಾಡುವುದನ್ನು ನಾನೂ ನೋಡಿದ್ದೇನೆ. ಕೈಗೆ ಯಾಕೆ ಮಿಶನ್ ಎಂದು ಕೇಳಿ ತಿಳಿದುಕೊಂಡರು. ಎಣ್ಣೆಯ ಬಾಟಲಿ ಜೇಬಿಗಿಳಿಸಿ, ಒಂದು ಹೆಜ್ಜೆ ಹಿಂದೆ ಸರಿದರು.

"ಕೂದಲು ತಗದ್ರ ರತಿ ಬರ್ತಾಳ. ಬಿಟ್ರ ಬರೂದಿಲ್ಲ. ಹಂಗಾರ ರತಿ ಇರೂದು ಕೂದಲಾಗೇನು?"

ಫಟ್ ಎಂದು ಚಪ್ಪಾಳೆ. ಅಂಗಡಿಯವ ಬೆಚ್ಚಿ ಚಿಲ್ಲರೆ ಚೆಲ್ಲಿದ. ಎಂ.ಎ.ದಲ್ಲಿ ಮೊದಲ ದರ್ಜೆ ನನ್ನದು. ಬಸ್ ಸ್ಟ್ಯಾಂಡ್ ಮುಟ್ಟುವವರೆಗೂ ಉತ್ತರ ಹೊಳೆಯಲಿಲ್ಲ. ಪಾಳಾ ಮುಟ್ಟಿದರೂ ಇಲ್ಲ.

ಮಾರ್ಚ್ 5, ಬುಧವಾರ

ಪರೀಕ್ಷಾ ಮೇಲ್ವಿಚಾರಣೆ. ಮೂರು ತಾಸು ನಗದೆ ನಿಂತೆ. ರತಿಯ ತಾಲೀಮು.

ಮಾರ್ಚ್ 9, ರವಿವಾರ

ಶೇಖಪ್ಪ ಬಂದ. ಬಟ್ಟೆಯ ಸುರುಳಿ ಬಿಚ್ಚಿ ಕತ್ತಿ, ಪಟಕದ ಹರಳು, ಬಟ್ಟಲು ಸಾಲಾಗಿ ಇಟ್ಟ, ಪೂಜೆಗೆ ಕೂರುವವನಂತೆ.

"ಗುರುವಾರ ಹುಣ್ಣಿವಿ. ಇವತ್ತ ಒಂದ ಸಲ ಹೊಡದು, ಬುಧವಾರ ಇನ್ನೊಮ್ಮೆ ಹೊಡದ್ರ ಕನ್ನಡಿ ಆಕ್ಕೇತಿ. ತೋಳ ಮ್ಯಾಲ ಮಾಡು."

ನಾನು ಮಿಶನ್ ತಂದು ತೋರಿಸಿದೆ. "ಈ ಸಲ ನಾನ ಇದರಲೆ ಮಾಡ್ಕೋತೇನಲೇ. ಚರ್ಮಕ್ಕ ಅಲರ್ಜಿ ಆಗೇತಿ."

ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಕುರಿ ಬೋಳಸೂ ಮಿಶನ್ ಇದ್ದಂಗೈತಿ. ಮೀಸಿ ಮೂಡೂಕಿಂತ ಮದಲಿಂದ ನಿನ್ನ ತಲಿ ನನ್ನ ಕೈಯಾಗ ಕೊಟ್ಟಿ. ಈಗ ನನ್ನ ಕೈ ನಿನಗ ಅಲರ್ಜಿ ಆತೇನು?"

"ಹಂಗಲ್ಲಪಾ."

"ಮತ್ತ ಹೆಂಗ? ಹೇಳು."

ಹೇಳಬಹುದಿತ್ತು. "ಕಾಮಣ್ಣನ ಕೈಗೆ ಕೆಲಸ ತಪ್ಪಸೂದು ಕಾಮಗಾರಿ ಇಲಾಖೆ ಧೋರಣಿ ಐತಿ" ಎಂದೆ. ಎಂಥ ಜೋಕು. ಎಂಥ ಹೊತ್ತಿಗೆ.

ಅವನು ನಗಲಿಲ್ಲ. ಕತ್ತಿಯನ್ನು ಸುರುಳಿಯಲ್ಲಿ ಸುತ್ತಿದ. "ಎಲ್ಲಾದಕ್ಕೂ ನಗಚಾಟಿಕಿ ಮಾಡಿ ಬಾಗಲಾ ಹಾಕ್ಕೋತಿ. ಮಿಶನ್ ಕೂಡ ಕುಂದ್ರು ಹಂಗಾರ. ಅದನ್ನ ಕಾಮಣ್ಣ ಮಾಡು."

ಬಟ್ಟಲು ಇಲ್ಲೇ ಬಿಟ್ಟು ಹೋದ.

ಮಾರ್ಚ್ 10, ಸೋಮವಾರ

ಕಾಮಣ್ಣ ಕೂರುವುದಿಲ್ಲವೆಂದು ಸಭೆಗೆ ಹೇಳಿ ಕಳಿಸಿದ್ದಾನೆ. ಗೊಂಬೆಗೆ ಹೊಸ ಕಿವಿ ಮೆತ್ತುವ ಮಾತು ನಡೆದಿದೆ. ದ್ರಾಕ್ಷಾಯಣಿ ರೊಟ್ಟಿ ಬಡಿಯುತ್ತಿದ್ದಳು, ನಾನು ಬಾಗಿಲಲ್ಲಿ ನಿಂತೆ. "ರತಿ ಕುರ್ಚಿ ಒಂದು ಉಳದಿತ್ತು, ಅದೂ ಹೋತು" ಎಂದೆ. ಅವಳು ಬಡಿಯುವುದನ್ನು ನಿಲ್ಲಿಸಿದಳು. "ನಾಳೆ ಮಂಗಳವಾರ" ಎಂದಳು. "ಅಂಗಡಿ ಬಂದ್ ಇರ್ತೈತಿ. ಗಿರಾಕಿ ಇರೂದಿಲ್ಲ."

ಮಾರ್ಚ್ 11, ಮಂಗಳವಾರ

ಬಟ್ಟಲು ವಾಪಸು ಕೊಡುವ ನೆಪ ಮಾಡಿಕೊಂಡು ಹೋದೆ. ಅರ್ಧ ಷಟರ್ ಎತ್ತಿ ಶೇಖಪ್ಪ ಕುರ್ಚಿಗಳಿಗೆ ಎಣ್ಣೆ ಹಾಕುತ್ತಿದ್ದ. ಬಗ್ಗಿ ಒಳಗೆ ಹೋಗಿ ಷಟರ್ ಇಳಿಸಿದೆ, ದೀಪ ಹಾಕಿದೆ, ಅಂಗಿ ಬಿಚ್ಚಿದೆ, ಬನಿಯನ್ ಬಿಚ್ಚಿದೆ, ಕೈಚೀಲವನ್ನೂ ಸುಲಿದೆ.

ಅವನ ಅಂಗಡಿಯಲ್ಲಿ ಎದುರುಬದುರು ಕನ್ನಡಿ. ಒಳಗೊಳಗೆ ಸಾಲುಗಟ್ಟಿ ನಿಂತ ಲೆಕ್ಕವಿಲ್ಲದಷ್ಟು ಸಿದ್ದಲಿಂಗರು. ಒಬ್ಬನಿಗೂ ಎಡಗಡೆ ಇಲ್ಲ, ಅಲ್ಲಿ ಒಂದು ಗೆರೆ. ಮನೆಯ ಕನ್ನಡಿಯಲ್ಲಿ ಒಬ್ಬನನ್ನು ನೋಡುವುದಕ್ಕೇ ನಾನು ಮುಖ ತಿರುಗಿಸುತ್ತಿದ್ದೆ. ಇಷ್ಟು ಜನ ಒಟ್ಟಿಗೆ ನಿಂತಾಗ ಒಂದು ಸಂಘದಂತೆ ಕಂಡಿತು.

ಶೇಖಪ್ಪ ಎಣ್ಣೆಯ ಡಬ್ಬಿ ಕೆಳಗಿಟ್ಟ.

"ಕಂಕುಳ ಗಂಟು ಅಂದಿ."

"ಅದೂ ಇತ್ತು. ಇದು ಕ್ಯಾನ್ಸರ್."

"ನಂಗ ಯಾಕ ಹೇಳ್ಲಿಲ್ಲ? ನಾ ಯಾರಿಗೆ ಹೇಳ್ತಿದ್ದೆ?"

"ಎಲ್ಲಾರಿಗೂ. ಕಟಿಂಗ್ ಅಂಗಡಿ ಇಟ್ಟಾಂವ ನೀ."

ಅವನು ಕೂತು ವಿಚಾರ ಮಾಡಿದ. "ಅದೂ ಖರೇನ" ಎಂದ. ಆಮೇಲೆ, "ನೋವಾತೇನಲೇ?"

ಡಾಕ್ಟರುಗಳು ನೋವು ಹತ್ತರಲ್ಲಿ ಎಷ್ಟು ಎಂದು ಕೇಳುತ್ತಿದ್ದರು. ನಾನು ಪರೀಕ್ಷೆಯಂತೆ ಪಾಸಾಗುವಷ್ಟು ಅಂಕ ಹೇಳುತ್ತಿದ್ದೆ.

"ಆತು" ಎಂದೆ. ಅದರ ಮೇಲೆ ಜೋಕು ಹೊಳೆಯಲಿಲ್ಲ.

ಅವನು ಎಡಗೈಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಹೆಬ್ಬೆರಳಿಂದ ಮೆಲ್ಲಗೆ ಒತ್ತಿದ. ನಾದಿದ ಹಿಟ್ಟಿನಲ್ಲಿ ಬಿದ್ದಂತೆ ಗುಳಿ ಬಿದ್ದು ಹಾಗೇ ಉಳಿಯಿತು. ಗುಳಿ ತುಂಬಿಕೊಳ್ಳುವವರೆಗೆ ನೋಡುತ್ತ ಕೂತ. ಎದ್ದು ಹೋಗಿ ಹೊಸ ಕತ್ತಿಯನ್ನು ಡ್ರಾದಲ್ಲಿಟ್ಟು ಕೀಲಿ ಹಾಕಿದ.

"ಆಸ್ಪತ್ರ್ಯಾಗ ಏನೇನ ಬ್ಯಾಡ ಅಂದಾರ, ಒಂದೊಂದ ಹೇಳು."

ಹೇಳಿದೆ. ಪಾಠ ಒಪ್ಪಿಸುವವನಂತೆ ಅವನೂ ಹಿಂದೆಯೇ ಹೇಳಿದ: ಒತ್ತಬಾರದು, ಎಳಿಬಾರದು, ಗಾಯ ಆಗಬಾರದು.

"ಮಿಶನ್ ಕೊಡು. ನಾ ಕಲ್ತು ಬರ್ತೇನಿ. ನನ್ನ ರತಿನ ಮತ್ಯಾರೂ ಮುಟ್ಟಬಾರದು."

"ಯಾರ ಮ್ಯಾಲ ಕಲೀತಿ?"

"ಅದು ನಿನಗ್ಯಾಕ ಬೇಕು."

ಮಾರ್ಚ್ 13, ಗುರುವಾರ, ಬೆಳಗ್ಗೆ

ಶೇಖಪ್ಪ ಈಗ ಹೋದ. ಈ ಧಗೆಯಲ್ಲಿ ಪೂರ್ಣ ತೋಳಿನ ಅಂಗಿ ತೊಟ್ಟು, ಗುಂಡಿ ಹಾಕಿಕೊಂಡು ಬಂದಿದ್ದ. ಯಾಕೆಂದು ಕೇಳಿದರೆ "ಥಂಡಿ" ಎಂದ.

ಸಾಬೂನಿನಿಂದ ತನ್ನ ಕೈ ತೊಳೆದ, ನನ್ನ ಕೈ ತೊಳೆಸಿದ, ಮಿಶನ್ನಿನ ಬಾಯಿಗೆ ಸ್ಪಿರಿಟ್ ಹಚ್ಚಿ ಆರಲು ಬಿಟ್ಟ. ದಿಂಬಿನ ಮೇಲೆ ಎಡಗೈ ಇಡಿಸಿದ. ಮೊದಲು ಹಣಿಗೆ ಹಚ್ಚಿ, ಆಮೇಲೆ ತೆಗೆದು. ಊರಿನ ಹರಟೆಯೆಲ್ಲ ಯಾರ ಬಾಯಿಂದ ಹೊರಡುತ್ತದೋ ಆ ಬಾಯಿ ಆ ಹೊತ್ತೆಲ್ಲ ಮುಚ್ಚಿತ್ತು. ಮಿಶನ್ ಚರ್ಮದ ಮೇಲೆ ಗಾಳಿಯಂತೆ ಹೋಗುತ್ತಿತ್ತು. ನಡುನಡುವೆ ನಿಲ್ಲಿಸಿ, ಕೈಯನ್ನು ಬೆಳಕಿಗೆ ಹಿಡಿದು, ಕೆಂಪಾಗಿದೆಯೇ ಎಂದು ನೋಡುತ್ತಿದ್ದ.

"ಬಲಗೈಗೆ ಕತ್ತಿ ನಡೀತೈತಿ. ಅದಕ್ಕೇನಾಗೇತಿ?" ಎಂದೆ.

"ಅದರ ಗುಳ್ಳಿ ಈಗರ ಮಾಯಾಕತ್ತೈತಿ. ಮ್ಯಾಲ ಒಂದು ಕೈ ಹಂಗ, ಒಂದು ಕೈ ಹಿಂಗ ಮಾಡಿದ್ರ ಮಂದಿ ನನ್ನ ಕೇಳ್ತಾರ."

ಬಲಗೈಯನ್ನೂ ಹಾಗೇ ಮಾಡಿದ. ನೊಣ ಕೂತರೆ ಜಾರುವುದಿಲ್ಲ, ಸ್ವಲ್ಪ ತಡವರಿಸೀತು. ಗೆರೆಯಿಲ್ಲ, ಕೆಂಪಿಲ್ಲ. ದ್ರಾಕ್ಷಾಯಣಿ ಆಸ್ಪತ್ರೆಯ ಕ್ರೀಮು ಹಚ್ಚಿದಳು. ಕೂರುವಷ್ಟು ಹೊತ್ತು ಕೈಚೀಲ ತೆಗೆದಿರಬಹುದು, ಕೈ ದಿಂಬಿನ ಮೇಲಿರಲಿ, ಎದ್ದ ಕೂಡಲೇ ತೊಡಿ ಎಂದು ವಿದ್ಯಾವತಿ ಮೇಡಂ ಫೋನಿನಲ್ಲಿ ಅನುಮತಿ ಕೊಟ್ಟಿದ್ದಾರೆ. ಫೋಟೋ ಕಳಿಸಬೇಕೆಂಬ ಷರತ್ತಿನ ಮೇಲೆ.

ಜಂಪರ್ ಹಳೆಯದೇ. ದ್ರಾಕ್ಷಾಯಣಿ ಎಡತೋಳಿನ ಹೊಲಿಗೆ ಬಿಚ್ಚಿ ಅಗಲ ಮಾಡಿದ್ದಾಳೆ. ಒಳಗಿನ ಹತ್ತಿಯ ಉಂಡೆಗಳಲ್ಲಿ ಎಡಗಡೆಯದು ಈ ವರ್ಷ ತುಸು ದೊಡ್ಡದು. ಲೆಕ್ಕ ಸಮವಾಗಬೇಕಲ್ಲ.

ಮಾರ್ಚ್ 14, ಶುಕ್ರವಾರ

ಸೋತೆ. ಇಷ್ಟು ವರ್ಷ ಕಾದ ಕೊಡ ಹೋಯಿತು. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ಆದರೂ ಬರೆಯುವಾಗ ಮತ್ತೆ ನಗು ಬರುತ್ತಿದೆ, ಅಕ್ಷರಗಳು ಕುಣಿಯುತ್ತಿವೆ.

ನಿನ್ನೆ ಹೊತ್ತು ಇಳಿಯುವ ಮೊದಲು ಕೂತೆವು. ಕೆಂಪು ಸೀರೆ, ಮೂಗುತಿ, ಎರಡೂ ತೋಳು ಬಯಲು. ಎಡಗೈ ರೇಶಿಮೆ ಹೊದಿಸಿದ ದಿಂಬಿನ ಮೇಲೆ, ಆಸ್ಥಾನದ ಅತಿಥಿಯಂತೆ. ಎಡಕ್ಕೆ ಕಾಮಣ್ಣ, ಜರಿಯ ಶಾಲು ಹೊದ್ದು. ನಾನು ಎದುರಿನ ಲೈಟಿನ ಕಂಬದ ಮೇಲೆ ದೃಷ್ಟಿ ನೆಟ್ಟೆ. ಇಡೀ ಓಣಿಯ ದೃಷ್ಟಿ ನನ್ನ ಎಡಗೈ ಮೇಲೆ ನೆಟ್ಟಿತು. ಗುಸುಗುಸು ಶುರುವಾಯಿತು. ಆ ಹೊತ್ತಿನಲ್ಲಿ ಎದ್ದು ಓಡಬೇಕೆನಿಸಿತು. ಸೀರೆಯಲ್ಲಿ ಓಡಲು ಬರುವುದಿಲ್ಲವೆಂದು ಕೂತೆ.

ಮೊದಲು ಅರಿಶಿನ ಹಚ್ಚುವವಳು ಹಿರಿಯ ಹೊಳೆವ್ವ. ಬಟ್ಟಲು ಹಿಡಿದು ಮುಂದೆ ನಿಂತವಳು ಎಡಗೈ ನೋಡಿದಳು, ಬಲಗೈ ನೋಡಿದಳು, ಮತ್ತೆ ಎಡಗೈ ನೋಡಿದಳು.

"ಈ ವರ್ಷ ನಮ್ಮ ರತಿ ಮೈಕೈ ತುಂಬ್ಕೊಂಡಾಳ" ಎಂದಳು. "ಛಲೋ ಆತು. ಮದಲ ಬಹಳ ಸೊರಗಿದ್ಲು."

ಅರಿಶಿನ ಹಚ್ಚಿ ಕೂತಳು. ಅಷ್ಟೇ. ಒಂದು ವರ್ಷದಿಂದ ನಾನು ಅಂಗಿಯೊಳಗೆ ಬಚ್ಚಿಟ್ಟದ್ದು ಆಕೆಯ ಎರಡು ಬೆರಳಿನ ಅರಿಶಿನಕ್ಕೆ ಮುಗಿದುಹೋಯಿತು.

ಆಮೇಲೆ ನಗಿಸುವವರ ಸಾಲು. ಒಬ್ಬ ಆಡಿನಂತೆ ಅರಚಿದ, ಒಬ್ಬ ಹೆಂಡತಿಯ ಬೈಗುಳ ಅನುಕರಿಸಿ ಅವಳಿಂದಲೇ ಬೈಸಿಕೊಂಡ. ನಾನು ಕಂಬ ನೋಡುತ್ತಿದ್ದೆ. ಕೊನೆಗೆ ಡಮಾಮಿ ಹೆಗಲಿಗೇರಿಸಿ ರೋಹಿದಾಸ ಬಂದ. ಹಗಲು ಟ್ರ್ಯಾಕ್ಟರ್ ಓಡಿಸುತ್ತಾನೆ, ಹೋಳಿಗೆ ನನ್ನನ್ನು ಓಡಿಸಲು ನೋಡುತ್ತಾನೆ. "ಸರ ಹೆಸರಿಗೆ ಸಿದ್ದ, ನಾ ಹುಟ್ಟಾ ಸಿದ್ದಿ. ಇವತ್ತ ನೋಡೇಬಿಡೂಣು" ಎಂದು ಬಡಿದ, ಕುಣಿದ, ನಾನು ಪಾಠ ಮಾಡುವುದನ್ನು ಮಾಡಿ ತೋರಿಸಿದ. ನನ್ನ ವಿದ್ಯಾರ್ಥಿಗಳು ನೆಲಕ್ಕೆ ಬಿದ್ದು ನಕ್ಕರು. ನಾನು ಕಂಬ.

ಧಗೆ ವಿಪರೀತವಿತ್ತು. ಕಾಮಣ್ಣನ ಶಾಲು ಬೆವರಿಗೆ ಜಾರಿ ಕೆಳಗೆ ಬಿತ್ತು. ಅವನು ಕಬ್ಬಿನ ಬಿಲ್ಲನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದ. ರೋಹಿದಾಸ ಕುಣಿಯುವುದನ್ನು ತಟ್ಟನೆ ನಿಲ್ಲಿಸಿದ. ಹತ್ತಿರ ಬಂದು ನನ್ನ ಕೈ ನೋಡಿದ, ಕಾಮಣ್ಣನ ಕೈ ನೋಡಿದ, ಬೆರಳು ಮಡಿಸಿದ.

"ರತಿದು ಎರಡೂ ಕೈ ನುಣ್ಣಗ. ಅದು ಬರೋಬ್ಬರಿ. ಈ ಕಾಮಣ್ಣನ ಬಲಗೈ ಕರಡಿದು, ಎಡಗೈ ಕೂಸಿನ ಕೆನ್ನಿ. ಒಟ್ಟು ಮೂರು ಕೈ ಆತು." ಜನರ ಕಡೆ ತಿರುಗಿದ. "ಏನ್ರಿ, ಶೇಖಪ್ಪನ ಅಂಗಡ್ಯಾಗ ಎರಡು ಕೈ ಮಾಡಿಸ್ಕೊಂಡ್ರ ಒಂದು ಫ್ರೀ ಐತೇನು?"

ಆಗಲೂ ನಾನು ತಡೆದುಕೊಂಡಿದ್ದೆ. ನಿಜವಾಗಿಯೂ. ಆದರೆ ಪಕ್ಕದಿಂದ, ನಮ್ಮ ಓಣಿಯ ಇತಿಹಾಸದಲ್ಲಿ ಎಂದೂ ಬಾಯಿ ಬಿಡದ ಕಾಮಣ್ಣ, ಕಸುಬಿನ ಮಾನ ಹೋಗುತ್ತದೆಂದು ಬಿಲ್ಲಿನ ಮರೆಯಿಂದ ಸಿಡುಕಿದ:

"ಫ್ರೀ ಅಲ್ಲಲೇ. ಅದು ಸ್ಯಾಂಪಲ್ಲು."

ಆಗ ತಿರುಗಿ ನೋಡಿದೆ. ಮೊಣಕೈಯಿಂದ ಮುಂಗೈವರೆಗೆ ಅವನ ಎಡಗೈ ಬೋಳು, ನಡುನಡುವೆ ಮೊದಮೊದಲು ಒತ್ತಿ ಕಲಿತ ಕೆಂಪು ಕಲೆಗಳು. ಅವು ನನ್ನ ಕೈ ಮೇಲೆ ಬೀಳಬಾರದೆಂದು ಅಲ್ಲಿ ಬಿದ್ದವು.

ನಕ್ಕೆ. ಹೇಗೆಂದರೆ ಮೂಗುತಿ ಹಾರಿತು, ಬಲಗಡೆಯ ಉಂಡೆ ಸೊಂಟಕ್ಕೆ ಇಳಿಯಿತು. ಎಡಗಡೆಯದು ಮಾತ್ರ ಗಟ್ಟಿ ನಿಂತಿತು. ದ್ರಾಕ್ಷಾಯಣಿ ಅದನ್ನು ಹೊಲಿದು ಕೂರಿಸಿದ್ದಳು. ಕಾಮಣ್ಣನೂ ನಕ್ಕ. ಓಣಿಯೆಲ್ಲ ನಕ್ಕಿತು. ಅವಳು ಸೆರಗು ಬಾಯಿಗೊತ್ತಿಕೊಂಡು ಮುಂದೆ ನಿಂತಿದ್ದಳು; ಕಣ್ಣು ಯಾಕೆ ಒರೆಸಿಕೊಂಡಳೋ, ಅಷ್ಟು ನಗುವಂಥದ್ದೇನೂ ಅಲ್ಲ.

ಎದ್ದ ಕೂಡಲೇ ಕೈಚೀಲ ತೊಟ್ಟೆ. ಇವತ್ತು ಬೆಳಗ್ಗೆ ಫೋಟೋ ಕಳಿಸಿದೆ. ಕೆಂಪಿಲ್ಲ, ಬಿಸಿಯಿಲ್ಲ, ಬರೀ ಅರಿಶಿನ. "ಕಾಮಣ್ಣನ ಕೈದೂ ಒಂದು ಕಳಸ್ರಿ" ಎಂದು ಮೇಡಂ ಉತ್ತರಿಸಿದ್ದಾರೆ.

ಮಾರ್ಚ್ 17, ಸೋಮವಾರ

ಕೊಡದ ವ್ಯಾಜ್ಯ ಇನ್ನೂ ಮುಗಿದಿಲ್ಲ. ನಗಿಸಿದ್ದು ತಾನು ಎನ್ನುತ್ತಾನೆ ರೋಹಿದಾಸ. ತನ್ನ ಮಾತಿಗೆ ನಕ್ಕಿದ್ದು ಎನ್ನುತ್ತಾನೆ ಶೇಖಪ್ಪ. ಇಬ್ಬರೂ ನಿನ್ನೆ ಮನೆಗೆ ಬಂದು, ತರ್ಕದ ಪ್ರಕಾರ ಯಾವುದು ಕಾರಣ, ತೀರ್ಪು ಕೊಡಿ ಎಂದರು. ಯೋಚಿಸಲು ಕಾಲಾವಕಾಶ ಕೇಳಿದ್ದೇನೆ. ಆ ಲಾಮಾ ಸಿಕ್ಕರೆ ಕೇಳಬೇಕು. ಅವರ ಹಳೆಯ ಪ್ರಶ್ನೆಗೆ ಈಗ ಹೇಳಲು ಏನೋ ಇದ್ದಂತಿದೆ, ವಾಕ್ಯ ಮಾತ್ರ ಕೂಡಿಬರುತ್ತಿಲ್ಲ.

ಚಹಾ ಕುಡಿಯುತ್ತ ರೋಹಿದಾಸ ಕೇಳಿದ, "ಸರ, ಕೈಗೆ ಏನಾಗೇತ್ರಿ?" ಹೇಳಿದೆ, ಎದೆಯದನ್ನೂ. "ಗಂಡಸರಿಗೂ ಬರ್ತೈತೇನ್ರಿ?" ಎಂದು ಅವನ ಕೈ ತಾನಾಗಿ ಎದೆಗೆ ಹೋಯಿತು. ಗಂಟು ಕಂಡರೆ ನಾಚದೆ ತೋರಿಸಬೇಕು ಎಂದೆ. ಸಂಜೆಯೊಳಗೆ ಓಣಿಯ ಗಂಡಸರೆಲ್ಲ ಕಟ್ಟೆಗಳ ಮೇಲೆ ಎದೆಗೆ ಕೈಯಿಟ್ಟುಕೊಂಡು ಕೂತಿದ್ದರು, ಪ್ರತಿಜ್ಞಾವಿಧಿ ಸ್ವೀಕರಿಸುವ ಮಂತ್ರಿಗಳ ಹಾಗೆ.

ಇವತ್ತು ಬಿಸಿಲು ಬಹಳ. ಪರೀಕ್ಷಾ ಕೆಲಸಕ್ಕೆ ಹೊರಡುವಾಗ ಟ್ರಂಕಿನಿಂದ ಒಂದು ಅರ್ಧ ತೋಳಿನ ಅಂಗಿ ತೆಗೆದು ಹಾಕಿಕೊಂಡು ಹೋದೆ. ದ್ರಾಕ್ಷಾಯಣಿ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು. ಗುಂಡಿ ಹೆಚ್ಚುಕಡಿಮೆ ಹಾಕಿಕೊಂಡಿದ್ದೇನೆಯೇ ಎಂದು ಬಸ್ ಸ್ಟ್ಯಾಂಡಿನವರೆಗೂ ನೋಡಿಕೊಂಡೆ. ಎಲ್ಲ ಸರಿಯಾಗಿಯೇ ಇತ್ತು.